ಬಾಯಿಬಿಟ್ಟ ಆರ್ವಿಲ್

ಆ ಭಾನುವಾರ ಮಧ್ಯಾಹ್ನ ಇಲ್ಸಾಳ ಹೋಟೆಲಿನಲ್ಲಿ ಕೂರಲು ರಾಬರ್ಟಾಳಿಗೆ ಅಪ್ಪಣೆಯಿತ್ತು, ಬಾಯಿ ತೆರೆಯಲು ಇರಲಿಲ್ಲ. ಹೆರನ್ಸ್ ಬೇಸ್‌ಬಾಲ್ ತಂಡದ ಹಾಲ್ ಆಫ್ ಫೇಮ್ ಎಂಬ ಗೌರವದ ಗೋಡೆಗೆ ಈ ವರ್ಷ ಒಬ್ಬ ರೇಡಿಯೋ ವಿವರಣೆಗಾರನ ಹೆಸರು ಏರಬೇಕಿತ್ತು. ಕಣದಲ್ಲಿದ್ದವರು ಇಬ್ಬರು, ಚೆಟ್ ಲಿಂಡಾಲ್ ಮತ್ತು ರಾಬರ್ಟಾಳ ಅಪ್ಪ ಆರ್ವಿಲ್. ಅಪ್ಪನಿಗೆ ಎಂಬತ್ತು ದಾಟಿತ್ತು. ವೃದ್ಧಾಶ್ರಮದ ಮಂಚದಿಂದ ಪ್ರತಿ ಸಲ ಕೇಳುತ್ತಿದ್ದುದು ಒಂದೇ, "ಗೋಡೆಗೆ ಯಾರನ್ನ ಹಾಕಿದ್ರು ಪುಟ್ಟಿ?" ಈ ವರ್ಷ ತಪ್ಪಿದರೆ ಮುಂದಿನ ವರ್ಷ ಕೇಳಲು ಅಪ್ಪ ಇರುತ್ತಾನೋ ಇಲ್ಲವೋ ಎಂದು ಅವಳಿಗೆ ಹೆದರಿಕೆ.

ತೀರ್ಮಾನ ಮಾಡುವವರು ಅಭಿಮಾನಿ ಸಂಘದ ಮೂವರು. ಹೋಟೆಲಿನ ಒಡತಿ ಇಲ್ಸಾ ಆರ್ವಿಲ್ ಕಡೆ, ಗಸ್ ಚೆಟ್ ಕಡೆ. ಮೂರನೆಯವನು ಮಿಲೋ, ಇನ್ನೂ ಬಂದಿರಲಿಲ್ಲ.

"ಚೆಟ್ ಬಾಯಲ್ಲಿ ಆಟ ಕೇಳಿದ್ರೆ ಬಿಸಿ ಹಾಲು ಕುಡಿದಂಗಿರತ್ತೆ," ಎಂದ ಗಸ್.

"ಹೌದೌದು, ಕುಡಿದು ನಿದ್ದೆ ಬಂದಂಗೂ ಇರತ್ತೆ," ಎಂದಳು ಇಲ್ಸಾ, ಕರಿದ ಚೀಸಿನ ತಟ್ಟೆಯನ್ನು ಅವನ ಮುಂದೆ ಕುಕ್ಕಿ. "ಆರ್ವಿಲ್ ಹಂಗಲ್ಲ. ಪ್ರತಿ ಇನಿಂಗ್ಸಿಗೂ 'ಈಗಷ್ಟೇ ಬಂದವರಿಗಾಗಿ ಹೇಳ್ತೀನಿ' ಅಂತ ಶುರು ಮಾಡ್ತಿದ್ದ. ನಾನು ಅಡುಗೆಮನೆಯಿಂದ ಯಾವಾಗ ಬಂದ್ರೂ ಆಟ ಗೊತ್ತಾಗ್ತಿತ್ತು ಕಣೋ!"

"ಅದೇ ಚಟ ತಾನೇ ಡ್ಯಾನಿಯನ್ನ ಮುಳುಗಿಸಿದ್ದು?"

ರಾಬರ್ಟಾ ತುಟಿ ಕಚ್ಚಿಕೊಂಡಳು. ಚೆಂಡೆಸೆಯುವ ಪಿಚರ್ ಎದುರಾಳಿಗಳಿಗೆ ಒಂದೂ ಹಿಟ್ ಕೊಡದೆ ಸಾಗುತ್ತಿರುವಾಗ ಅದನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ದೃಷ್ಟಿ ತಾಗಿ ಕೆಟ್ಟಿತೆಂದೇ ಲೆಕ್ಕ. ಇಪ್ಪತ್ತು ವರ್ಷದ ಹಿಂದೆ ಡ್ಯಾನಿ ಎಂಬ ಹುಡುಗ ಹಾಗೆ ಎಸೆಯುತ್ತಿದ್ದಾಗ ಆರ್ವಿಲ್ ರೇಡಿಯೋದಲ್ಲಿ, "ಈಗಷ್ಟೇ ಬಂದವರಿಗಾಗಿ ಹೇಳ್ತೀನಿ, ಇದು ನೋ-ಹಿಟ್ಟರ್" ಎಂದುಬಿಟ್ಟ. ಮುಂದಿನ ಚೆಂಡಿಗೇ ಹಿಟ್ ಬಿತ್ತು. ಆ ಡ್ಯಾನಿ, ಮಿಲೋನ ಅಣ್ಣನ ಮಗ. ಮಿಲೋ ಅಂದಿನಿಂದ ಆರ್ವಿಲ್ ಜೊತೆ ಮಾತು ಬಿಟ್ಟಿದ್ದ.

ಗಸ್ ಮತ್ತೇನೋ ಹೇಳಲು ಬಾಯಿ ತೆರೆದವನು ಅಲ್ಲಿಗೇ ತಡೆದ. ಮೂಲೆಯ ರೇಡಿಯೋದಲ್ಲಿ ಇಂದಿನ ಆಟ ಒಂಬತ್ತರಲ್ಲಿ ಆರನೇ ಇನಿಂಗ್ಸ್ ಮುಗಿಸಿತ್ತು. ಹೆರನ್ಸ್‌ನ ಹೊಸ ಪಿಚರ್ ಇನ್ನೂ ಒಂದೂ ಹಿಟ್ ಕೊಟ್ಟಿರಲಿಲ್ಲ. ಮೂವರೂ ಮುಖ ಮುಖ ನೋಡಿಕೊಂಡರು.

"ಆರ್ವಿಲ್ ವಿಷಯ ಈಗ ಬೇಡ," ಎಂದ ಗಸ್ ಪಿಸುದನಿಯಲ್ಲಿ. "ಮಾತಾಡೋಕೆ ಹೋದ್ರೆ ಆ ಪದ ಬರತ್ತೆ."

"ಯಾವ ಪದ?" ಎಂದಳು ಇಲ್ಸಾ.

"ಸುಮ್ನಿರೇ ಮಾರಾಯ್ತಿ!"

ಕೂತ ಜಾಗ ಬದಲಿಸುವುದೂ ಅಪಶಕುನವೇ. ಗಸ್ ಒಂದು ಕಾಲು ಮಡಿಸಿ ಕೂತಿದ್ದವನು ಜೋಮು ಹಿಡಿದರೂ ಅಲುಗಲಿಲ್ಲ. ದೊಡ್ಡವರೆನ್ನಿಸಿಕೊಂಡವರ ಬುದ್ಧಿ ಇಷ್ಟು.

ಎಂಟನೇ ಇನಿಂಗ್ಸಿಗೆ ಮಿಲೋ ಬಂದ. ಎರಡು ಕೈಯಲ್ಲೂ ಚೆರಿ ಹಣ್ಣಿನ ಸಿಹಿ ಪೈ. ಬಾಗಿಲು ತೆರೆಯಲು ಯಾರೂ ಏಳದ್ದರಿಂದ ಬೆನ್ನಿನಿಂದ ನೂಕಿಕೊಂಡು ಒಳಗೆ ಬಂದ.

"ಟೈರ್ ಪಂಕ್ಚರ್, ಗಾಡಿ ರೇಡಿಯೋನೂ ಕೆಟ್ಟಿದೆ. ಆಟ ಏನಾಯ್ತು?"

ಗಸ್ ಚಾವಣಿ ನೋಡಿದ. ರೇಡಿಯೋದಲ್ಲಿ ಆಟ ವಿವರಿಸುತ್ತಿದ್ದ ಹುಡುಗ ಚೆಟ್‌ನ ಶಿಷ್ಯ. ಅವನೂ ಆ ಪದಕ್ಕೆ ಹೆದರಿ, ಗಾಳಿ ತಂಪಾಗಿದೆ, ಮೋಡ ಚಂದವಾಗಿದೆ ಎನ್ನುತ್ತಿದ್ದ.

"ಯಾರು ಸತ್ರು?" ಮಿಲೋ ಮತ್ತೆ ಕೇಳಿದ. ಇಲ್ಸಾ ಉಪ್ಪಿನ ಡಬ್ಬಿ ಒರೆಸಿದಳು. ಮಿಲೋನ ಮುಖ ಕೆಂಪೇರಿತು. "ನಿಮ್ಮ ಬಾಯಿಗೇನಾಗಿದೆ? ಹೋಗ್ಲಿ, ಇವನಿಗೇನು ರೋಗ? ಮೋಡದ ಕಥೆ ಯಾರಿಗೆ ಬೇಕು? ಈಗಷ್ಟೇ ಬಂದೋನಿಗೆ ಆಟ ಎಲ್ಲಿದೆ ಅಂತ ಹೇಳದೇ ಇದ್ರೆ ರೇಡಿಯೋ ಯಾಕ್ರೋ ಬೇಕು?"

ರಾಬರ್ಟಾಳಿಗೆ ಇನ್ನು ತಡೆಯಲಾಗಲಿಲ್ಲ. "ನಮ್ಮಪ್ಪ ಮಾಡಿದ್ದೂ ಅಷ್ಟೇ ಅಲ್ವಾ, ಮಿಲೋ?"

ಮಿಲೋ ಪೈ ಹಿಡಿದೇ ನಿಂತ. ಅವಳನ್ನು ನೋಡಿದ, ಗಸ್‌ನ ಮಡಿಸಿದ ಕಾಲನ್ನು ನೋಡಿದ. ಆಮೇಲೆ ಅವನಿಗೆ ಹೊಳೆಯಿತು.

"ಅಯ್ಯೋ ದೇವರೇ! ಅಂದ್ರೆ ಈಗ ನಡೀತಿರೋದು ನೋ-ಹಿಟ್ಟರಾ?"

ಗಸ್ ಟೋಪಿ ಕಿತ್ತು ನೆಲಕ್ಕೆಸೆದ. ಅದೇ ಗಳಿಗೆಗೆ ರೇಡಿಯೋದಲ್ಲಿ ಬ್ಯಾಟಿನ ಸದ್ದು ಟಣ್ಣೆಂದಿತು. ಚೆಂಡು ಮೇಲೇರಿತು, ಬೇಲಿಯತ್ತ ಹೋಯಿತು, ಹುಡುಗ ಮೋಡ ಮರೆತು ಕಿರುಚತೊಡಗಿದ. ಬೇಲಿಗೆ ಬೆನ್ನು ತಾಗಿಸಿ ನೆಗೆದ ಹೆರನ್ಸ್ ಆಟಗಾರನ ಕೈಗವಸಿಗೆ ಚೆಂಡು ಸಿಕ್ಕಿಬಿತ್ತು. ಔಟ್! ಹಿಡಿದ ಚೆಂಡು ಹಿಟ್ ಅಲ್ಲ, ನೋ-ಹಿಟ್ಟರ್ ಉಳಿಯಿತು. ಒಂಬತ್ತನೇ ಇನಿಂಗ್ಸಿನಲ್ಲಂತೂ ಯಾರೂ ಚೆಂಡನ್ನು ಸರಿಯಾಗಿ ಮುಟ್ಟಲೂ ಇಲ್ಲ. ಆಟ ಮುಗಿದಾಗ ಗಸ್ ಜೋಮು ಹಿಡಿದ ಕಾಲಲ್ಲೇ ಕುಣಿಯಲು ಹೋಗಿ ಇಲ್ಸಾಳ ಮೈಮೇಲೆ ಬಿದ್ದ.

ಮಿಲೋ ಮಾತ್ರ ಪೈಗಳನ್ನು ಮೇಜಿಗಿಟ್ಟು ಬಲಗೈ ಎತ್ತಿದ. "ಬಾಯಿಬಿಟ್ರೆ ಕೆಡೋದಿಲ್ಲ ಅಂತಾಯ್ತಲ್ಲ. ಡ್ಯಾನಿ ಎಸೆದ ಚೆಂಡೇ ಸರಿ ಇರಲಿಲ್ಲ. ನನ್ನ ಓಟು ಆರ್ವಿಲ್‌ಗೆ. ಫೋನ್ ಮಾಡಮ್ಮ ಅವನಿಗೆ."

ಆರ್ವಿಲ್ ಫೋನೆತ್ತಿದ ಕೂಡಲೇ ಕೇಳಿದ, "ಆಟ ಕೇಳಿದ್ಯಾ ಪುಟ್ಟಿ? ಅಲ್ಲಿ ಯಾರಾದ್ರೂ ಬಾಯಿಬಿಟ್ರಾ?"

"ಮಿಲೋ ಬಿಟ್ಟ," ಎಂದಳು ರಾಬರ್ಟಾ. "ಗೋಡೆಗೆ ನಿನ್ನನ್ನೇ ಹಾಕಿದ್ರು, ಅಪ್ಪಾ."

ಮಿಲೋ ಅವಳ ಕೈಯಿಂದ ಫೋನ್ ಕಿತ್ತುಕೊಂಡ.

"ಆರ್ವಿಲ್, ನಾನು ಕಣಯ್ಯಾ, ಮಿಲೋ. ಬರೋದು ತಡವಾಯ್ತು. ಮೊದಲ ಏಳು ಇನಿಂಗ್ಸ್ ತಪ್ಪಿಹೋಯ್ತು."

ಮುದುಕ ಗಂಟಲು ಸರಿಮಾಡಿಕೊಂಡದ್ದು ಇಡೀ ಹೋಟೆಲಿಗೆ ಕೇಳಿಸಿತು.

"ಈಗಷ್ಟೇ ಬಂದವರಿಗಾಗಿ ಹೇಳ್ತೀನಿ..." ಎಂದು ಅವನು ಶುರುಮಾಡಿದ. ಮಿಲೋ ಕುರ್ಚಿ ಎಳೆದುಕೊಂಡು ಕೂತ.