ಗೋಡೆಯ ಎಡ ಭುಜ

ವಿರಾಮದ ಹೊತ್ತಿನಲ್ಲಿ ಗೋಲ್‌ಕೀಪರನ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಹೊರಗೆ ಐದಾರು ಜನ ಸೇರಿ ಅವನ ಭುಜಕ್ಕೆ ಐಸ್ ಒತ್ತುತ್ತಿದ್ದರು. ಅವರಲ್ಲಿ ಯಾರೂ ದಡ್ಡರಲ್ಲ. ಒಬ್ಬಳಂತೂ ಇಂಥದ್ದನ್ನೇ ಓದಿ ಪಾಸಾದವಳು. ಆದರೆ ಆ ಭುಜದ ಎದುರು ಎಲ್ಲರ ಬುದ್ಧಿಯೂ ಸ್ವಲ್ಪ ಮಂಕಾಗುತ್ತಿತ್ತು.

ಭುಜಕ್ಕೆ ಅಷ್ಟು ಹೆಸರಿತ್ತು. ಗೋಲ್‌ಕೀಪರನನ್ನು ತಂಡದವರು ಗೋಡೆ ಎಂದು ಕರೆಯುತ್ತಿದ್ದರು. ಗೋಡೆಯ ಎಡ ಭುಜ ಎರಡು ಸಲ ಕೀಲು ತಪ್ಪಿ, ಒಂದು ಸಲ ಆಪರೇಷನ್ ಆಗಿ, ಕೊನೆಗೆ ತಂಡದ ಸಾರ್ವಜನಿಕ ಆಸ್ತಿಯಾಗಿತ್ತು. ಅವನ ತಾಯಿ ಫೋನ್ ಮಾಡಿದರೆ ಮೊದಲು ಭುಜದ ಯೋಗಕ್ಷೇಮ, ಆಮೇಲೆ ಮಗನದು. ಹೊಸದಾಗಿ ತಂಡಕ್ಕೆ ಬಂದವರಿಗೆ ಬಟ್ಟೆ ಬದಲಾಯಿಸುವ ಕೋಣೆ, ಬಚ್ಚಲು, ಭುಜ, ಈ ಕ್ರಮದಲ್ಲಿ ಪರಿಚಯವಾಗುತ್ತಿತ್ತು. ಅದನ್ನು ಮತ್ತೆ ಆಟಕ್ಕೆ ತಂದವಳು ತಂಡದ ಫಿಸಿಯೋ. ವರ್ಷಗಟ್ಟಲೆ ರಬ್ಬರ್ ಪಟ್ಟಿ ಎಳೆಸಿ, ಚೆಂಡು ಎಸೆಸಿ, ಬೈದು, ಗೋಗರೆದು ಸರಿಮಾಡಿದ್ದಳು. ಅವಳು ಗೋಡೆಯ ಅಣ್ಣನ ಹೆಂಡತಿಯೂ ಹೌದು. ಅಣ್ಣ ತಂಡದ ಕೋಚ್.

ಒಂದೇ ಮನೆಯ ಮೂವರು ಒಂದೇ ತಂಡದಲ್ಲಿದ್ದರೆ ಜನರ ನಾಲಿಗೆಗೆ ಕೆಲಸ ಸಿಗುತ್ತದೆಂದು ಕೋಚ್ ಒಂದು ನಿಯಮ ಮಾಡಿದ್ದ. ಮೈದಾನದ ಗೇಟು ದಾಟಿದ ಮೇಲೆ ಅಣ್ಣ ಇಲ್ಲ, ಅತ್ತಿಗೆ ಇಲ್ಲ, 'ರೀ' ಇಲ್ಲ. ಕೋಚ್, ಫಿಸಿಯೋ, ಗೋಡೆ, ಅಷ್ಟೇ. ಮನೆಯಲ್ಲಿ 'ಬಾರೇ, ಹೋಗೇ' ಎನ್ನುವ ಗಂಡ ಇಲ್ಲಿ 'ಬನ್ನಿ ಫಿಸಿಯೋ' ಎನ್ನುತ್ತಿದ್ದ. ಆ ಮರ್ಯಾದೆಗಾಗಿಯೇ ತಾನು ಈ ಕೆಲಸ ಬಿಟ್ಟಿಲ್ಲ ಎಂದು ಅವಳು ಹೇಳಿಕೊಂಡು ನಗುತ್ತಿದ್ದಳು.

ಅಂದು ಫೈನಲ್. ಇವರ ತಂಡ ಒಂದು ಗೋಲಿನಿಂದ ಮುಂದಿತ್ತು. ಮೊದಲ ಅರ್ಧ ಮುಗಿಯುವುದಕ್ಕೆ ಸ್ವಲ್ಪ ಮೊದಲು ಮೂಲೆಯಿಂದ ಒದ್ದ ಚೆಂಡು ಎತ್ತರದಲ್ಲಿ ಬಂತು. ಗೋಡೆ ಹಾರಿ ಹಿಡಿದ. ಎದುರಾಳಿಯೊಬ್ಬನೂ ಹಾರಿದ್ದ, ಅವನ ಮಂಡಿ ಗೋಡೆಯ ಎಡ ಪಕ್ಕೆಗೆ, ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗಕ್ಕೆ ಬಲವಾಗಿ ಬಡಿಯಿತು. ಗೋಡೆ ಕೆಳಗೆ ಬಿದ್ದ. ಚೆಂಡು ಬಿಡಲಿಲ್ಲ. ಫಿಸಿಯೋ ಚೀಲ ಹಿಡಿದು ಓಡಿದಳು.

"ಉಸಿರು ಬಂತಾ?"

"ಬಂತು ಫಿಸಿಯೋ. ಬಡ್ಡಿ ಸಮೇತ ಬಂತು."

"ಭುಜ?"

"ಭುಜದ ಮೇಲೆ ಬಿದ್ದಿಲ್ಲ."

ಅವಳು ನಂಬಲಿಲ್ಲ. ಕೈ ಮೇಲೆತ್ತಿಸಿ, ಹಿಂದೆ ತಿರುಗಿಸಿ, ಎಲ್ಲ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡಳು. ಕೈ ಮೇಲೆ ಹೋದದ್ದನ್ನು ಕಂಡು ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಪೆಟ್ಟು ಬಿದ್ದ ಪಕ್ಕೆಯನ್ನು ಮುಟ್ಟಿ ನೋಡುವುದು ಯಾರಿಗೂ ಹೊಳೆಯಲಿಲ್ಲ, ಅವಳಿಗೂ.

ವಿರಾಮದ ಸೀಟಿಯಾಯಿತು. ಕೋಣೆಯಲ್ಲಿ ಒದ್ದೆ ಕಾಲುಚೀಲಗಳ ವಾಸನೆ, ಉದ್ದ ಬೆಂಚು, ಅದರೆದುರು ಕರಿಹಲಗೆ. ಕೋಚ್ ಸೀಮೆಸುಣ್ಣದಲ್ಲಿ ಬಾಣಗಳನ್ನು ಬಿಡಿಸುತ್ತಿದ್ದ. ಅವನ ಬಾಣಗಳು ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಕಡೆ ಹೋಗಿ ಸಿಕ್ಕುಬೀಳುತ್ತಿದ್ದವು. ಗೋಡೆ ಎಲ್ಲರಿಗಿಂತ ಕೊನೆಗೆ ಬಂದು ಕೂತ.

"ಭುಜ ನೋಯ್ತಾ ಇದೆ," ಎಂದ.

ಸೀಮೆಸುಣ್ಣ ನಿಂತಿತು. ಕ್ಯಾಪ್ಟನ್ ಐಸಿನ ಚೀಲ ತಂದ. ಒಬ್ಬ ಟೇಪು ಹುಡುಕಿದ, ಇನ್ನೊಬ್ಬ ಸಿಕ್ಕಿದ ಟೇಪನ್ನು ಕಳೆದುಹಾಕಿದ. ಫಿಸಿಯೋ ಭುಜವನ್ನು ಕೈಗೆ ತೆಗೆದುಕೊಂಡಳು.

"ಇಲ್ಲಿ ನೋವಾ?"

"ಇಲ್ಲ."

"ಹೀಗೆ ತಿರುಗಿಸಿದ್ರೆ?"

"ಇಲ್ಲ."

"ಒತ್ತಿದ್ರೆ ಇಲ್ಲ, ತಿರುಗಿಸಿದ್ರೆ ಇಲ್ಲ. ಮತ್ತೆಲ್ಲಪ್ಪಾ ನೋವು?"

"ಭುಜದಲ್ಲೇ. ತುದೀಲಿ. ಒಳಗೆಲ್ಲೋ."

"ಭುಜಕ್ಕೂ ಫೈನಲ್ ಅಂದ್ರೆ ಹೆದರಿಕೆ," ಎಂದ ಕ್ಯಾಪ್ಟನ್. ಎಲ್ಲರೂ ನಕ್ಕರು. ಗೋಡೆಯೂ ನಗಲು ಹೋಗಿ ಅರ್ಧಕ್ಕೆ ಬಿಟ್ಟ.

ಕೋಚ್ ಬಂದು ತಮ್ಮನ ಮುಂದೆ ಮಂಡಿಯೂರಿ ಬೂಟಿನ ಲೇಸು ಬಿಗಿಯತೊಡಗಿದ. "ಟೇಪ್ ಸುತ್ತಿ ಕಳಿಸಿ, ಫಿಸಿಯೋ. ಸುಮ್ಮನೆ ನಿಂತ್ರೂ ಸಾಕು ಇವನು. ಎರಡನೇ ಕೀಪರ್ ಕೈಗೆ ಫೈನಲ್ ಕೊಡೋಕಾಗಲ್ಲ."

ಎರಡನೇ ಕೀಪರ್ ಪಕ್ಕದಲ್ಲೇ ಕೂತು ಕಿತ್ತಳೆ ಸುಲಿಯುತ್ತಿದ್ದ. ಇಂಥ ಮಾತು ಕೇಳಿ ಕೇಳಿ ಅವನ ಚರ್ಮ ಆ ಕಿತ್ತಳೆಯದಕ್ಕಿಂತ ದಪ್ಪವಾಗಿತ್ತು.

ಗೋಡೆ ನೀರು ಕೇಳಿದ. ಮತ್ತೆ ಕೇಳಿದ. ಕೋಚ್ ತೋಳು ಹಿಡಿದು ಎಬ್ಬಿಸಿದಾಗ ತೂರಾಡಿದ.

"ತಲೆ ಸುತ್ತುತ್ತಾ?" ಎಂದ ಕೋಚ್. "ಬಿಸಿಲು ಜಾಸ್ತಿ ಆಯ್ತು. ಮಲಗಿಸ್ರಪ್ಪಾ, ಕಾಲು ಮೇಲೆತ್ತಿ, ರಕ್ತ ತಲೆಗೆ ಹೋಗ್ಲಿ."

ಬೆಂಚಿನ ಮೇಲೆ ಮಲಗಿಸಿ, ಇಬ್ಬರು ಕಾಲು ಹಿಡಿದು ಮೇಲೆತ್ತಿದರು. ಕೀಲು ತಪ್ಪಿ ತೋಳು ನೇತಾಡುತ್ತಿದ್ದಾಗಲೂ ಬಾಯಿ ಬಿಡದಿದ್ದವನು ಆಗ ಕೂಗಿದ.

"ಇಳಿಸಿ, ಕಾಲು ಇಳಿಸಿ. ಭುಜ ಕಿತ್ತುಹೋಗ್ತಿದೆ."

ಕಾಲೆತ್ತಿದರೆ ಭುಜ ನೋಯುವುದು ತಂಡದವರಿಗೆ ತಮಾಷೆಯಾಗಿ ಕಂಡಿತು. ಒಬ್ಬಿಬ್ಬರು ನಕ್ಕೂ ಬಿಟ್ಟರು. ಫಿಸಿಯೋ ಮಾತ್ರ ಐಸಿನ ಚೀಲ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು. ಬೆರಳುಗಳ ನಡುವಿಂದ ನೀರು ತೊಟ್ಟಿಕ್ಕುತ್ತಿತ್ತು.

ಎಡ ಪಕ್ಕೆಲುಬಿನ ಹಿಂದೆ, ಹೊಟ್ಟೆಯ ಮೇಲ್ಭಾಗದಲ್ಲಿ ಗುಲ್ಮವೆಂಬ ಅಂಗವಿದೆ. ಮುಷ್ಟಿಗಾತ್ರದ್ದು, ಮೆತ್ತನೆಯದು, ತುಂಬ ರಕ್ತವಿರುವಂಥದ್ದು. ಪೆಟ್ಟು ತಿಂದು ಅದು ಒಡೆದರೆ ರಕ್ತ ಹೊಟ್ಟೆಯೊಳಗೆ ಹರಡುತ್ತದೆ. ಹರಡಿ, ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು ಕೆರಳಿಸುತ್ತದೆ. ಆ ಪರದೆಯ ನರವೂ ಭುಜದ ನರವೂ ಕತ್ತಿನಲ್ಲಿ ಒಂದೇ ಕಡೆಯಿಂದ ಹೊರಡುತ್ತವೆ. ಹಾಗಾಗಿ ಹೊಟ್ಟೆಯ ದೂರನ್ನು ಭುಜ ಹೇಳುತ್ತದೆ. ಮಲಗಿಸಿ ಕಾಲೆತ್ತಿದರೆ ರಕ್ತ ಪರದೆಯತ್ತ ಹರಿದು ನೋವು ಇನ್ನೂ ಜೋರಾಗುತ್ತದೆ. ಇದನ್ನು ಅವಳೇ ಎಷ್ಟೋ ತರಬೇತಿ ಶಿಬಿರಗಳಲ್ಲಿ ಬಣ್ಣದ ಚಿತ್ರ ತೋರಿಸಿ ಪಾಠ ಹೇಳಿದ್ದಳು. ಆದರೆ ಆ ಚಿತ್ರದಲ್ಲಿದ್ದವನಿಗೆ ಹಳೆಯ ಪೆಟ್ಟಿನ ಭುಜ ಇರಲಿಲ್ಲ.

ಅವಳು ಕಾಲು ಇಳಿಸಲು ಸನ್ನೆ ಮಾಡಿ, ಜರ್ಸಿ ಮೇಲೆ ಸರಿಸಿದಳು. ಎಡ ಪಕ್ಕೆಯ ಮೇಲೆ ಮಂಡಿಯ ಗುರುತು ಕೆಂಪಗಿತ್ತು. ಅದರ ಕೆಳಗೆ ಮೆಲ್ಲನೆ ಒತ್ತಿದಳು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು.

"ಅಲ್ಲಿ ಮುಟ್ಟಬೇಡಿ ಅತ್ತಿಗೆ," ಎಂದ ಗೋಡೆ. ನಿಯಮ ಮುರಿದದ್ದು ಅವನಿಗೂ ತಿಳಿಯಲಿಲ್ಲ.

"ಇಲ್ಲಿ ನೋಯ್ತಿತ್ತಾ ಆಗ್ಲಿಂದ? ಯಾಕೋ ಹೇಳ್ಲಿಲ್ಲ?"

"ಯಾರು ಕೇಳಿದ್ರಿ? ಎಲ್ರೂ ಭುಜಾನೇ ಕೇಳಿದ್ರಿ."

ಮಣಿಕಟ್ಟು ಹಿಡಿದಳು. ನಾಡಿ ಸಣ್ಣದಾಗಿ, ಅಟ್ಟಿಸಿಕೊಂಡು ಹೋದಂತೆ ಓಡುತ್ತಿತ್ತು. ಚರ್ಮ ತಣ್ಣಗೆ, ತುಟಿ ಸುಣ್ಣದ ಬಣ್ಣ. ಇಷ್ಟು ಹೊತ್ತೂ ಇವೆಲ್ಲ ಅವಳ ಕಣ್ಣ ಮುಂದೆಯೇ ಇದ್ದವು.

ಕೋಚ್ ಮತ್ತೆ ಬೂಟಿನ ಲೇಸಿಗೆ ಕೈ ಹಾಕಿದ್ದ. "ರೀ, ಲೇಸು ಬಿಡ್ರಿ," ಎಂದಳು.

ಗೇಟಿನ ಈಚೆ ಆ 'ರೀ' ಹಿಂದೆಂದೂ ಕೇಳಿದ್ದಿಲ್ಲ.

"ಏನಾಯ್ತೇ?" ಎಂದ ಕೋಚ್, ಅವನೂ ಮನೆಯ ಮಾತಿಗೆ ಜಾರಿ.

"ಇವನು ಆಡಲ್ಲ. ಆಂಬುಲೆನ್ಸ್ ಬಾಗಿಲಿಗೇ ಬರ್ಲಿ. ಈಗ್ಲೇ."

"ಭುಜಕ್ಕೆ ಆಂಬುಲೆನ್ಸಾ?"

"ಭುಜ ಚೆನ್ನಾಗಿದೆ. ಅದಕ್ಕೇನೂ ಆಗಿಲ್ಲ. ಗುಲ್ಮ ಒಡೆದಿರಬೇಕು. ಹೊಟ್ಟೆ ಒಳಗೆ ರಕ್ತ ಹೋಗ್ತಿದೆ. ತಡ ಮಾಡಿದ್ರೆ ಉಳಿಯಲ್ಲ ನಿಮ್ಮ ತಮ್ಮ."

ಯಾರೋ ನೀರಿನ ಬಾಟಲಿಯನ್ನು ಗೋಡೆಯ ತುಟಿಗೆ ತಂದಿದ್ದರು. ಅವಳು ಅದನ್ನು ತಳ್ಳಿದಳು. "ಒಂದು ಹನಿ ಬೇಡ, ಮಾತ್ರೆಯೂ ಬೇಡ. ಆಪರೇಷನ್ ಆಗಬಹುದು. ಅಲ್ಲಾಡಿಸಬೇಡಿ. ಯಾರದಾದ್ರೂ ಜಾಕೆಟ್ ಕೊಡಿ, ಹೊದಿಸೋಣ." ಒಂದರ ಮೇಲೊಂದು ಜಾಕೆಟ್ ಬಿದ್ದು ಗೋಡೆ ಬಟ್ಟೆಯ ಗುಡ್ಡೆಯಾದ. ಆ ಗುಡ್ಡೆಯೊಳಗಿಂದ "ನಂಗೆ ನಿದ್ದೆ ಬರ್ತಿದೆ" ಎಂಬ ದನಿ ಬಂತು. ಆಗ ನಕ್ಕವರಿಲ್ಲ.

ಆಂಬುಲೆನ್ಸಿನವರು ಗೋಡೆಯನ್ನು ಸ್ಟ್ರೆಚರಿಗೆ ಹಾಕಿಕೊಂಡು ಹೊರಡುವಾಗ ಬಾಗಿಲಲ್ಲಿ ರೆಫರಿ ಇಣುಕಿ, ಹೊತ್ತಾಯಿತು, ಹೊರಡಿ ಎಂದ. ಕೋಚ್ ಸೀಮೆಸುಣ್ಣವನ್ನು ಕ್ಯಾಪ್ಟನ್ನನ ಕೈಯಲ್ಲಿಟ್ಟ, ಎರಡನೇ ಕೀಪರನ ಬೆನ್ನು ತಟ್ಟಿ ಸ್ಟ್ರೆಚರಿನ ಹಿಂದೆ ಓಡಿದ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಸರ್ಜನ್, ನಡುವಯಸ್ಸಿನ ಹೆಂಗಸು, ಹೆಚ್ಚು ಮಾತಾಡಲಿಲ್ಲ. ಸಣ್ಣ ಸೀಳಾಗಿದ್ದರೆ ಮಲಗಿಸಿಟ್ಟು ಕಾಯಬಹುದಿತ್ತು. ಇದು ಸಣ್ಣದಲ್ಲ, ರಕ್ತದೊತ್ತಡ ಇಳಿಯುತ್ತಲೇ ಇದೆ, ಒಳಗೆ ಕರೆದೊಯ್ಯುತ್ತೇವೆ ಎಂದರು. ಬಾಗಿಲು ಮುಚ್ಚಿತು. ಗಂಡ ಹೆಂಡತಿ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು.

"ನೀನೇ ಕಂಡುಹಿಡಿದೆ," ಎಂದ ಗಂಡ.

"ಅದಕ್ಕೆ ಮೊದಲು ಐಸ್ ಇಟ್ಟೋಳೂ ನಾನೇ."

"ನಾನು ಅವನನ್ನ ಎಬ್ಬಿಸಿ ನಿಲ್ಲಿಸಿದೆ."

"ಹೂಂ."

ಅವನು ಇನ್ನೊಂದು ಮಾತಿಗಾಗಿ ಕಾದ. ಹಾಗಲ್ಲ, ನಿಮಗೇನು ಗೊತ್ತಿತ್ತು ಎಂಬಂಥದ್ದು. ಅವಳಲ್ಲಿ ಆ ಮಾತು ಇರಲಿಲ್ಲ. ಇದ್ದಿದ್ದರೆ ತನಗೇ ಮೊದಲು ಹೇಳಿಕೊಳ್ಳುತ್ತಿದ್ದಳು.

ಸರ್ಜನ್ ಹೊರಬಂದಾಗ ಇಬ್ಬರೂ ಒಟ್ಟಿಗೆ ಎದ್ದರು. "ಗುಲ್ಮ ಉಳಿಸೋಕಾಗಲಿಲ್ಲ, ತೆಗೆದಿದ್ದೀವಿ. ಅದಿಲ್ಲದೆ ಬದುಕಬಹುದು, ಜ್ವರಗಿರ ಬಂದ್ರೆ ಅಸಡ್ಡೆ ಮಾಡಬಾರದು ಅಷ್ಟೇ. ಆಳು ಉಳಿದಿದ್ದಾನೆ." ಕೋಚ್ ಅವರಿಗೆ ಕೈ ಮುಗಿದ.

ಮರುದಿನ ಗೋಡೆಗೆ ಚೆನ್ನಾಗಿ ಎಚ್ಚರವಾಗಿತ್ತು. ಮೂಗಿನಲ್ಲಿ ಒಂದು ನಳಿಕೆ, ಹೊಟ್ಟೆಯಲ್ಲೊಂದು, ತೋಳಿನಲ್ಲಿ ಮತ್ತೊಂದು. ಹಾಸಿಗೆಯ ಒಂದು ಬದಿಗೆ ಅಣ್ಣ, ಕಾಲ ಬಳಿ ಅತ್ತಿಗೆ. ನಡೆದದ್ದನ್ನೆಲ್ಲ ಅವನಿಗೆ ಹೇಳಿಯಾಗಿತ್ತು. ಬೇರೆ ಯಾರದೋ ಸುದ್ದಿ ಕೇಳುವವನಂತೆ ಕೇಳಿದ್ದ. ಸರ್ಜನ್ ರೌಂಡ್ಸಿಗೆ ಬಂದಾಗ ಅದೇ ಧಾಟಿಯಲ್ಲಿ ಕೇಳಿದ.

"ಡಾಕ್ಟ್ರೇ, ನಾನು ಎದ್ದು ಆಡೋಕೆ ಹೋಗಿದ್ರೆ ಏನಾಗ್ತಿತ್ತು?"

ಅವರು ಡ್ರೆಸ್ಸಿಂಗ್ ನೋಡುತ್ತ ತಲೆ ಎತ್ತದೆ ಹೇಳಿದರು. "ಇನ್ನೊಂದು ಸಲ ಹಾರಿದ್ರೆ, ಸ್ಟ್ರೆಚರ್ ಬರೋ ತನಕ ಇರ್ತಿರಲಿಲ್ಲ." ಆಮೇಲೆ ಪಕ್ಕದ ಹಾಸಿಗೆಗೆ ಹೋಗಿ, ಮೂತ್ರ ಆಯಿತೇ ಎಂದು ವಿಚಾರಿಸಿದರು.

"ತಮಾಷೆಗೆ ಹೇಳಿದ್ರು ಅಲ್ವಾ ಅತ್ತಿಗೆ?"

"ಅಲ್ಲ ಕಣೋ," ಎಂದಳು ಅತ್ತಿಗೆ.

ಗೋಡೆ ಚಾವಣಿ ನೋಡಿದ. ಅವನಿಗೆ ಭಯವಾದದ್ದು ಆಗ, ಎಲ್ಲರಿಗಿಂತ ಒಂದು ದಿನ ತಡವಾಗಿ. ಪಕ್ಕಕ್ಕೆ ಕೈ ಚಾಚಿ ಅಣ್ಣನ ಮಣಿಕಟ್ಟು ಹಿಡಿದ; ಎಂಥ ಒದೆತದ ಚೆಂಡನ್ನೂ ಜಾರಬಿಡದ ಬೆರಳುಗಳು. ಅಣ್ಣ ತನ್ನ ಇನ್ನೊಂದು ಕೈಯನ್ನು ಅದರ ಮೇಲಿಟ್ಟ.

ನರ್ಸ್ ಬಂದು, ಬಿ.ಪಿ. ನೋಡಬೇಕು, ಕೈ ಬಿಡಿ ಎಂದಳು. ಇಬ್ಬರಲ್ಲಿ ಯಾರಿಗೆ ಹೇಳಿದಳೋ, ಇಬ್ಬರೂ ಬಿಡಲಿಲ್ಲ. ಅವಳು ಒಂದು ಕ್ಷಣ ನಿಂತು ನೋಡಿ, ಹಾಸಿಗೆ ಸುತ್ತಿ ಆಚೆ ಬದಿಗೆ ಹೋಗಿ, ನಳಿಕೆಗಳನ್ನು ಸರಿಸಿ ಆ ತೋಳಿಗೆ ಪಟ್ಟಿ ಸುತ್ತಿದಳು.