ಕೈ ಎದೆಗೆ ಮುಟ್ಟಬಾರದು

ಗಂಡ ಪರಶುರಾಮ ಸತ್ತ ದಿನ ನಾನು ಅಳಲಿಲ್ಲ. ಗೋಕಾಕದ ದವಾಖಾನೆಯಿಂದ ಅವನನ್ನು ಘೋಡಗೇರಿಗೆ ತಂದಾಗ ಓಣಿಯ ಹೆಂಗಸರೆಲ್ಲ ಎದೆ ಬಡಿದುಕೊಂಡು, ಅವನ ಗುಣ ಹಾಡಿ ಅತ್ತರು. ನಾನು ಅವನ ಬುತ್ತಿಯ ಡಬ್ಬಿ ನೋಡುತ್ತ ಕುಳಿತಿದ್ದೆ. ನಸುಕಿನಲ್ಲಿ ಕೆಲಸಕ್ಕೆ ಹೊರಟವನ ಬೈಕು ಮೂಡಲಗಿ ರಸ್ತೆಯಲ್ಲಿ ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಬಡಿದಿತ್ತು. ಡಬ್ಬಿ ಮಾತ್ರ ನಾನು ಕಟ್ಟಿದ ಹಾಗೆಯೇ ಇತ್ತು.

ಅತ್ತೆ ಬಾಳವ್ವ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಬಂದವರ ಮುಂದೆ, "ನಮ್ಮ ಸೊಸಿ ಎಂ.ಎ. ಕಲ್ತಾಕಿರಿ. ಕಲ್ತವ್ರಿಗೆ ಕಣ್ಣೀರ ಬರಂಗಿಲ್ಲಂತ," ಎನ್ನುತ್ತಿದ್ದರು. ಕೊನೆಗೆ ಮೂಡಲಗಿಯಲ್ಲಿರುವ ನನ್ನ ಅಣ್ಣ ಸದಾಶಿವನಿಗೆ ಹೇಳಿ ಕಳಿಸಿದರು: ಸೋಮವಾರ ಬಂದು ತಂಗಿಯನ್ನು ಕರೆದುಕೊಂಡು ಹೋಗು.

ನನಗೆ ಹೋಗುವ ಮನಸ್ಸಿರಲಿಲ್ಲ. ಅವನು ಓಡಾಡಿದ ಮನೆ ಇದೊಂದೇ. ಇಲ್ಲೇ ಇರುತ್ತೇನೆ ಎನ್ನಲು ಬಾಯಿ ಬರಲಿಲ್ಲ.

ನಾದಿನಿ ಕಾಜಲ್ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಭಾನುವಾರ ಊರಿಗೆ ಬಂದಿದ್ದಳು. ಅತ್ತೆ ಹುಕ್ಕೇರಿಗೆ ಹೋದದ್ದೇ ನನ್ನನ್ನು ಮಾಳಿಗೆಯ ಮೇಲೆ ಎಳೆದೊಯ್ದಳು. ಕಾಲೇಜಿನ ಗೆಳತಿಯರ ಜೊತೆ ಕ್ರಂಪ್ ಎಂಬ ಬೀದಿ ಕುಣಿತ ಕಲಿತಿದ್ದಳು.

"ಇದರಾಗ ನಗಬೇಕಂತ ಇಲ್ರಿ ವೈನಿ," ಎಂದಳು. "ಅದಕ್ಕ ನಿಮಗ ಹೇಳಿಕೊಡಾಕತ್ತೇನಿ."

ಮೊದಲು ನೆಲ ಒದೆಯುವುದು. ನಾನು ಸೆರಗು ಸಿಕ್ಕಿಸಿ ಕಾಲೆತ್ತಿದೆ.

"ಹಪ್ಪಳ ಒಣಹಾಕೀರೇನು? ಎಷ್ಟ ಹಗೂರ ಇಡತೀರಿ."

"ಕೆಳಗ ಎಮ್ಮಿ ಬೆದರತೈತಿ."

"ಅದೂ ಕಲೀಲಿ. ಒದೀರಿ."

ಆಮೇಲೆ ತೋಳು. ಜೋಳದ ಹೊಲದಲ್ಲಿ ಹಕ್ಕಿಗೆ ಕವಣೆ ಬೀಸುವ ಹಾಗೆ ಬೀಸಬೇಕು. ಅದು ನನಗೆ ಬಂತು. ಬಾರದ್ದು ಎದೆಯ ಪಟ್ಟು. ನಾನು ಅಂಗೈಯಿಂದ ಎದೆಗೆ ಹೊಡೆದುಕೊಂಡೆ.

"ಕೈ ಎದಿಗೆ ಮುಟ್ಟಬಾರ್ದ್ರಿ. ಹತ್ರ ಬಂದು ನಿಂದರಬೇಕು. ಎದಿ ತಾನ ಮುಂದ ಬರಬೇಕು, ಒಳಗಿಂದ ಯಾರೋ ಗುದ್ದಿದಂಗ."

"ಒಳಗ ಯಾರೂ ಇಲ್ಲ, ಕಾಜಲ್."

ಅವಳು ಮೊಬೈಲಿನಲ್ಲಿ ಹಾಡಿನ ದನಿ ಹೆಚ್ಚಿಸಿದಳು.

ಒದೆದೆ. ಬೀಸಿದೆ. ಕೈ ಎದೆಯ ಬಳಿ ಬಂದು ನಿಂತಾಗ ಎದೆ ಒಮ್ಮೆ ಜಿಗಿಯಿತು. ಮತ್ತೆ ಜಿಗಿಯಿತು. ಕೂದಲು ಬಿಚ್ಚಿಹೋಯಿತು, ಬಾಯಿಂದ ಎಂಥದೋ ದನಿ ಹೊರಟಿತು. ಕಾಜಲ್ ಹಾಡು ಬಂದ್ ಮಾಡಿದ್ದು ತಿಳಿಯಿತು. ನಿಲ್ಲಲು ಆಗಲಿಲ್ಲ.

ಮೆಟ್ಟಿಲ ಬಾಯಲ್ಲಿ ಅತ್ತೆ ನಿಂತಿದ್ದರು. ಕೈಯ ಚೀಲ ಜಾರಿ ಬಿತ್ತು.

"ಬಂತೇನ ಯವ್ವಾ," ಎಂದರು. "ಈಗ ಬಂತೇನ ಅಳು ನಿನಗ."

ಅಷ್ಟು ದಿನಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು ಅದು. ಅಲ್ಲೇ ಕುಸಿದು ಕೂತು, ಎದೆ ಬಡಿದುಕೊಳ್ಳುತ್ತ ಹಾಡತೊಡಗಿದರು.

"ಕಟ್ಟಿಕೊಟ್ಟ ಬುತ್ತಿ ಬಿಚ್ಚಲಿಲ್ಲೋ ನನ್ನಪ್ಪಾ... ಸೊಸಿ ಕೈಯಾಗಿನ ರೊಟ್ಟಿ ಮುರೀಲಿಲ್ಲೋ..."

"ಅವ್ವಾ, ಇದು ಅಳೂದಲ್ಲ, ಇದು—" ಎಂದಳು ಕಾಜಲ್.

ನಾನು ಅವಳತ್ತ ನೋಡಿ ಬೇಡವೆಂದು ತಲೆಯಾಡಿಸಿದೆ.

ಅತ್ತೆಯ ಹಾಡಿಗೆ ತನ್ನದೇ ತಾಳವಿತ್ತು. ಬರಬರುತ್ತ ನನ್ನ ಕಾಲು ಅದರ ಮೇಲೇ ಬೀಳತೊಡಗಿತು. ಬುತ್ತಿ ಎಂದಾಗ ನೆಲ, ನನ್ನಪ್ಪಾ ಎಂದಾಗ ಎದೆ. ದಣಿದು ಅವರ ಪಕ್ಕ ಕುಸಿದೆ. ಮುಖದ ತುಂಬ ಬೆವರು ಹರಿಯುತ್ತಿತ್ತು. ಅವರು ಅದನ್ನು ಸೆರಗಿನಿಂದ ಒರೆಸಿದರು, ಕಣ್ಣ ಕೆಳಗೆ ಮತ್ತೆ ಮತ್ತೆ. ನನ್ನ ಕಣ್ಣುಗಳು ಒಣಗಿಯೇ ಇದ್ದವು.

ಸಂಜೆ ಅತ್ತೆ ಅಡುಗೆಮನೆಗೆ ಬಂದು, "ಸದಾಶಿವಗ ಫೋನ್ ಹಚ್ಚು. ನಾಳೆ ಬರೂದು ಬ್ಯಾಡನ್ನು," ಎಂದರು. ಕಾಜಲ್ ಹತ್ತಿರ ಹೇಳಿಸಲಿಲ್ಲ, ನನಗೇ ಹೇಳಿದರು. ಬಟ್ಟಲಲ್ಲಿ ಬೆಚ್ಚಗಿನ ಎಣ್ಣೆ ತಂದಿದ್ದರು.

"ಭಾಳ ಬಡಕೊಂಡಿ. ಎದಿ ನೂಸ್ತೈತೇನು?"

"ಹೂನ್ರಿ ಅತ್ತಿ," ಎಂದೆ.

ಖರೆಯೇ ನೋಯುತ್ತಿತ್ತು, ಕೈ ಮುಟ್ಟದ ಜಾಗದಲ್ಲಿ.