ಮೆಲಾನಿಯಾಳ ಹಿಡಿಕೆ

"ಮುಚ್ಚಳ ಹಾಕಬೇಡಿ, ಸ್ವಲ್ಪ ತಡೀರಿ!" ಎನ್ನುತ್ತ ವಿದ್ಯುತ್ ಕೇಂದ್ರದ ಮುಖ್ಯ ಎಂಜಿನಿಯರ್ ಝೆನೋನ್, ಸಾವಿನ ಮನೆಯ ರೂಢಿಯಂತೆ ಕನ್ನಡಿಗೆ ಬಟ್ಟೆ ಮುಚ್ಚಿದ್ದ ಕೋಣೆಯೊಳಗೆ ಹಿಮ ಮೆತ್ತಿದ ಬೂಟಿನಲ್ಲೇ ನುಗ್ಗಿದ. ಸುತ್ತಿಗೆ ಎತ್ತಿದ್ದವನ ಕೈ ಹಾಗೇ ನಿಂತಿತು.

ಮಗಳು ಒದಾರ್ಕಾ ತನ್ನ ಅಮ್ಮ ಮೆಲಾನಿಯಾಳ ಶವಪೆಟ್ಟಿಗೆಗೆ ಅಡ್ಡ ನಿಂತಳು. "ಬದುಕಿದ್ದಾಗ ಒಂದಿನ ಈ ಮನೆ ಮೆಟ್ಟಿಲು ಹತ್ತಲಿಲ್ಲ, ಈಗೇನು ಸಾಹೇಬ್ರೆ?"

ಝೆನೋನ್ ದನಿ ತಗ್ಗಿಸಿದ. "ಬೆಳಿಗ್ಗೆ ಕಂಪ್ಯೂಟರ್ ಪರದೆ ಮೇಲೆ ಮೌಸಿನ ಬಾಣ ಮತ್ತೆ ತಾನಾಗೇ ಓಡಾಡ್ತಿತ್ತಮ್ಮ. ನಮ್ಮ ಕಂಪ್ಯೂಟರಿಗೆ ನುಗ್ಗಿದ ಕಳ್ಳರು ಇನ್ನೂ ಒಳಗೇ ಇದ್ದಾರೆ. ಮತ್ತೆ ಕರೆಂಟು ತೆಗೆದ್ರೆ ಆ ಹಿಡಿಕೆ ಬೇಕು."

ಹಿಡಿಕೆ ಮೆಲಾನಿಯಾಳ ಎದೆಯ ಮೇಲೆ, ಮಡಿಸಿದ ಕೈಗಳ ಕೆಳಗಿತ್ತು. ಮೊಳದುದ್ದದ ಕಬ್ಬಿಣ. ಜೊತೆಗೇ ಹೂಳಬೇಕೆಂದು ಒದಾರ್ಕಾಳೇ ಇಟ್ಟಿದ್ದಳು.

*

ಕಾರ್ಪಾಥಿಯನ್ ಬೆಟ್ಟದ ಬುಡದ ಆ ಊರಿನ ವಿದ್ಯುತ್ ಕೇಂದ್ರದಲ್ಲಿ ಮೆಲಾನಿಯಾ ಮೂವತ್ತೊಂದು ವರ್ಷ ಪಾಳಿ ಮಾಡಿದ್ದಳು. ಕಂಪ್ಯೂಟರ್ ಬಂದ ಮೇಲೆ, ಸ್ವಿಚ್ಚು ತಿರುಗಿಸುವ ಹಿಡಿಕೆಗಳನ್ನೆಲ್ಲ ಗುಜರಿಗೆ ಹಾಕಲು ಆದೇಶವಾಯಿತು. ಹಾಗೆ ಮಾಡಬೇಡಿರೆಂದು ಅವಳು ಐದು ಮಿಂಚಂಚೆ ಬರೆದಳು. ಮೇಲಿನವರು ಒಂದನ್ನೂ ತೆರೆಯಲಿಲ್ಲ. ಒಂಬತ್ತು ತಿಂಗಳಿಂದ ಕೇಂದ್ರದ ಕಂಪ್ಯೂಟರ್ ಜಾಲದೊಳಗೆ ಸದ್ದಿಲ್ಲದೆ ಠಿಕಾಣಿ ಹೂಡಿದ್ದ ಕಳ್ಳರು ಮಾತ್ರ ಐದನ್ನೂ ಓದಿದ್ದರು. ಹಿಡಿಕೆಗಳೆಲ್ಲ ಹೋದವೆಂದು ಕಚೇರಿಯ ಪತ್ರಗಳಿಂದಲೇ ಖಾತ್ರಿ ಮಾಡಿಕೊಂಡು, ಡಿಸೆಂಬರಿನ ಒಂದು ಮಧ್ಯಾಹ್ನ ಊರಿನ ಕರೆಂಟು ತೆಗೆದರು.

ಆದರೆ ಮೆಲಾನಿಯಾ ಒಂದನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಮನೆಗೆ ಒಯ್ದಿದ್ದಳು. ಅದನ್ನು ಯಾವ ಪತ್ರದಲ್ಲೂ ಬರೆದಿರಲಿಲ್ಲ. ಅವತ್ತು ಹಿಮದಲ್ಲಿ ಏದುಸಿರು ಬಿಡುತ್ತ ಓಡಿಬಂದು, ಹನ್ನೊಂದು ಸ್ವಿಚ್ಚುಗಳನ್ನು ಕೈಯಿಂದಲೇ ತಿರುಗಿಸಿದಳು. ಆಸ್ಪತ್ರೆಗೆ ಬೆಳಕು ಬಂತು. ಮರುವಾರ ಅವಳಿಗೆ ಸಿಕ್ಕಿದ್ದು ಛೀಮಾರಿ ಪತ್ರ: ಕೇಂದ್ರದ ಸೊತ್ತು ಕದ್ದ ಅಪರಾಧಕ್ಕೆ. ಹಿಡಿಕೆಯನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಎಂಥ ನಾಚಿಕೆಗೇಡು! ಆ ಪತ್ರದ ಪ್ರತಿ ಇವತ್ತಿಗೂ ಕೇಂದ್ರದ ಗೇಟಿನ ಫಲಕದಲ್ಲಿತ್ತು.

*

"ಕಳ್ಳಿ ಹತ್ರ ಕಳ್ಳಮಾಲು ಕೇಳೋಕೆ ಬಂದ್ರಾ?" ಎಂದಳು ಒದಾರ್ಕಾ.

"ಹೊಸ ಹಿಡಿಕೆ ಬರೋಕೆ ಇನ್ನೂ ತಿಂಗಳು ಬೇಕಮ್ಮ. ಆಸ್ಪತ್ರೆ ಇದೆ..."

"ಆಸ್ಪತ್ರೆ ಇದೆ ಅಂತ ನಮ್ಮಮ್ಮಂಗೆ ನೀವು ಹೇಳ್ಕೊಡಬೇಕಾ? ಹೋಗಿ, ಗೇಟಿಂದ ಆ ಕಾಗದ ಕಿತ್ಕೊಂಡು ಬನ್ನಿ. ಇಷ್ಟು ಜನರ ಮುಂದೆ ಓದಿ, ಹರೀರಿ. ಅಲ್ಲೀವರೆಗೂ ಪಾದ್ರಿಗಳು ಕಾಯ್ತಾರೆ."

ಪಾದ್ರಿ ಕುರ್ಚಿ ಎಳೆದುಕೊಂಡು ಕೂತರು.

ಝೆನೋನ್ ಹೋದ, ಬಂದ. ತಂದ ಕಾಗದ ಓದತೊಡಗಿದ; 'ಕದ್ದಿದ್ದಾಳೆ' ಎಂಬಲ್ಲಿ ದನಿ ಉಡುಗಿತು.

"ಜೋರಾಗಿ ಓದಪ್ಪ!" ಎಂದಳು ಪಕ್ಕದ ಮನೆಯ ಮುದುಕಿ ಪರಾಸ್ಕಾ.

ಅವನು ಜೋರಾಗಿ ಓದಿ, ಹರಿದ. "ಬರೆದೋನು ನಾನೇ. ತಪ್ಪು ನಂದು."

ಒದಾರ್ಕಾ ಅಮ್ಮನ ತಣ್ಣನೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಕೆ ತೆಗೆದಳು. "ಇದು ಅಮ್ಮಂದು. ಕೆಲಸ ಮುಗಿದ್ಮೇಲೆ ನಮ್ಮನೆಗೇ ತಂದ್ಕೊಡಿ."

ಅವನು ಹಿಡಿಕೆ ಹಿಡಿದು ಓಡಿದ. ಮೆಲಾನಿಯಾಳ ಬಿಳಿ ಕಸೂತಿ ಅಂಗಿಯ ಮೇಲೆ ಗ್ರೀಸಿನ ಕರಿ ಗೆರೆ ಉಳಿದಿತ್ತು. ಪರಾಸ್ಕಾ ತಲೆವಸ್ತ್ರದ ತುದಿಯಿಂದ ಒರೆಸಲು ಬಗ್ಗಿದಳು.

"ಬಿಡಿ ಅಜ್ಜಿ, ಇರ್ಲಿ," ಎಂದಳು ಒದಾರ್ಕಾ. "ಈಗ ಮೊಳೆ ಹೊಡೀರಿ."